ತಿಕ್ಕಿ ಬೆಳಗಿದ ನಿಕ್ಕಲ್

ಹೊಸಪೇಟೆ, ೧೨-೧-೧೯೩೯

ಅವ್ವನಿಗೆ ಗುಡ್ಡಪ್ಪನ ನಮಸ್ಕಾರ.

ಈ ಕಾರ್ಖಾನೆಯಲ್ಲಿ ಶೇಂಗಾ ಎಣ್ಣೆಯೊಳಗೆ ಹೈಡ್ರೋಜನ್ ಎಂಬ ಗಾಳಿ ಬಿಟ್ಟು ತುಪ್ಪದಂತೆ ಗಟ್ಟಿ ಮಾಡುತ್ತಾರೆ. ಎರಡನ್ನೂ ಕೂಡಿಸುವುದು ಬುಟ್ಟಿಯಲ್ಲಿಟ್ಟ ನಿಕ್ಕಲ್ ಲೋಹದ ಕಪ್ಪು ಸುರುಳಿಗಳು. ಕೊಳೆಯೆಂದುಕೊಂಡು ಸೋಮವಾರ ಅವನ್ನು ನೀನು ತಾಮ್ರದ ಕೊಡ ಬೆಳಗುವ ಹಾಗೆಯೇ ಹುಣಸೆಹಣ್ಣು, ಉಪ್ಪು ಹಚ್ಚಿ ಫಳಫಳ ತಿಕ್ಕಿಟ್ಟೆ. ಎಣ್ಣೆ ಎಣ್ಣೆಯಾಗಿಯೇ ಉಳಿಯಿತು! ಕೆಲಸ ಹೋಯಿತೆಂದೇ ತಿಳಿದೆ.

ಕೆಮಿಸ್ಟ್ ಜಡೆಪ್ಪನವರು ನಕ್ಕುಬಿಟ್ಟರು. "ಲೇ, ಉಪ್ಪಿನಾಗಿನ ಕ್ಲೋರಿನ್ ನಿಕ್ಕಲ್ ಮೈಗೆ ಅಂಟಿ ಕುಂತೈತಿ. ಹಂಪಿ ಬಜಾರದ ಮಂಟಪದಾಗ ಮೊದಲ ಬಂದವ ಕಾಲು ಚಾಚಿ ಮಲಗಿದ್ರ ಹಿಂದ ಬಂದವ ಎಲ್ಲಿ ಕುಂದ್ರಬೇಕು? ಹಂಗ ಹೈಡ್ರೋಜನ್‌ಗೆ ಜಾಗ ಸಿಗವಲ್ದು," ಎಂದರು.

ಬುಟ್ಟಿಯನ್ನು ಹೈಡ್ರೋಜನ್‌ನಲ್ಲೇ ಬಹಳ ಹೊತ್ತು ಕಾಯಿಸಿದ ಮೇಲೆ ಕ್ಲೋರಿನ್ ಎದ್ದುಹೋಯಿತು. ನಿನ್ನೆ ಎಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟಿತು, ನನ್ನ ಕೆಲಸವೂ ಉಳಿಯಿತು. ಉಪ್ಪು ತಾಗಿ ಉರಿಯುತ್ತಿದ್ದ ಬೆರಳು ವಾಸಿಯಾಗಿದೆ, ಊಟಕ್ಕೆ ಚಿಂತೆಯಿಲ್ಲ. ಇದನ್ನು ನಿನಗೆ ಓದಿ ಹೇಳುವ ತಂಗಿ ಹುಲುಗಮ್ಮನಿಗೂ ಎರಡು ಮಾತು ಬರೆಯಬೇಕೆಂದಿದ್ದೆ. ಆದರೆ ಆ ಕ್ಲೋರಿನ್‌ನಂತೆ ಕಾರ್ಡಿನ ತುಂಬ ನಾನೇ ಕಾಲು ಚಾಚಿಬಿಟ್ಟೆ.

ಗುಡ್ಡಪ್ಪ