ಲೋಟದಲ್ಲಿ ಬಿಟ್ಟ ಬೀಜ

ಮಾರ್ಚ್ ೧೪, ಶುಕ್ರವಾರ

ಮೇಷ್ಟ್ರು ಹೊಡೆದರೆಂದು ಶಾಲೆ ಬಿಟ್ಟೆ ಅನ್ನುವುದು ಸುಳ್ಳು. ಮನೆಯವರು ಹಾಗೆ ನಂಬಿದರು, ನಾನು ಸುಮ್ಮನಿದ್ದೆ. ನನಗೆ ಒಂದು ಕಡೆ ಕೂತಿರಲು ಆಗುತ್ತಿರಲಿಲ್ಲ, ಅಷ್ಟೇ.

ಈಗಲೂ ಆಗುವುದಿಲ್ಲ. ಬೇರು ಬಿಟ್ಟಿದೆಯಾ ಎಂದು ಕಿತ್ತು ನೋಡಿ ನೋಡಿಯೇ ಅರ್ಧ ಕುಂಡ ಲೆಟಿಸ್ ಸೊಪ್ಪಿನ ಸಸಿ ಸಾಯಿಸಿದ್ದೇನೆ. ಹೋದ ಸಲ ಟೊಮೆಟೊ ಬೀಜವನ್ನೂ ಅವಸರಪಟ್ಟು ತೊಳೆದೆ. ಲೋಳೆ ಬಿಡದೆ ಎಲ್ಲ ಒಣಗಲು ಹಾಕಿದ ಕಾಗದಕ್ಕಂಟಿ ಬೂಷ್ಟು ಹಿಡಿಯಿತು. ಈ ಸಲ ಉಳಿದದ್ದು ಒಂದೇ ಗಿಡ. ಅದರ ಕೊನೆಯ ಹಣ್ಣಿನ ಬೀಜ ಅಡುಗೆಮನೆಯ ಕಿಟಕಿಯಲ್ಲಿ, ಲೋಟದೊಳಗೆ ತನ್ನ ರಸದಲ್ಲೇ ಇದೆ. ಇನ್ನೆರಡು ದಿನ ಬೇಕು. ಅಷ್ಟು ದಿನ ನನಗಿಲ್ಲ. ಇವತ್ತೇ ತೊಳೆದುಬಿಡಲು ಲೋಟ ಎತ್ತಿಕೊಂಡೆ.

“ನಾರ್ತಿದೆ ಕಣೋ, ಚೆಲ್ಲೋಕಾ?” ಅಂದಳು ಅಮ್ಮ.

“ಕೊಳೀಲಿ ಅಂತಲೇ ಇಟ್ಟಿರೋದಮ್ಮ. ಲೋಳೆ ಕರಗಬೇಕು.”

“ನಿನ್ನನ್ನೂ ಅಷ್ಟು ವರ್ಷ ಬೆಂಚಿನ ಮೇಲೆ ಹಾಗೇ ಇಟ್ಟಿದ್ವಿ. ಏನು ಕರಗ್ತು?”

ನಗು ಬಂತು. ಶಾಲೆ ಬಿಟ್ಟದ್ದು ಮೇಷ್ಟ್ರಿಂದಲ್ಲ ಎಂದು ನಗುತ್ತಲೇ ಹೇಳಿಬಿಟ್ಟೆ.

“ಅಯ್ಯೋ ಪಾಪಿ! ಅವರು ಎದುರಿಗೆ ಬಂದ್ರೆ ಇವತ್ತಿಗೂ ಮುಖ ತಿರುಗಿಸ್ತೀನಲ್ಲೋ ನಾನು!”

ಆಮೇಲೆ ಲೋಟ ಕಿತ್ತುಕೊಂಡು ಕಪಾಟಿನ ಮೇಲಿಟ್ಟಳು. “ನೀನು ಮುಟ್ಟಬೇಡ. ಭಾನುವಾರ ನಾನೇ ತೊಳೀತೀನಿ.”

ಈಗಲೂ ಎದ್ದು ಹೋಗಿ ನೋಡಬೇಕು ಅನಿಸುತ್ತಿದೆ. ಜರಡಿಯಲ್ಲಿ ತೊಳೆ ಅಂತ ಅವಳಿಗೆ ಹೇಳಲೇ ಇಲ್ಲ.

ಸಸಿ ಬೆಳೆಸುವ ನರ್ಸರಿಯ ಕೆಲಸಕ್ಕೆ ನಾಳೆ ಬೆಳಗ್ಗೆ ಊರು ಬಿಟ್ಟು ಹೊರಡುತ್ತಿದ್ದೇನೆ.