ಎಡಗಾಲಿಗೆ ಕೆಲಸವಿಲ್ಲ

ಮಾರ್ಚ್ 1, ಶುಕ್ರವಾರ

ಇವತ್ತೂ ಅದೇ. ಲಾಂಡ್ರಿಯಿಂದ ಒಗೆದ ಬೆಡ್‌ಶೀಟಿನ ಮೂಟೆಗಳು ಹೋಟೆಲ್‌ಗಳಿಗೆ, ಅಲ್ಲಿಂದ ಕೊಳೆ ಮೂಟೆಗಳು ವಾಪಸ್. ವ್ಯಾನಿನ ಕ್ಲಚ್ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದೆ. ಸಂಜೆ ಹೊತ್ತಿಗೆ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ. ಮಾಲೀಕರಿಗೆ ಹೇಳಿದರೆ, "ಓಡ್ತಿದೆ ತಾನೆ?" ಅನ್ನುತ್ತಾರೆ. ಓಡುತ್ತಿದೆ. ನಾನೂ ಓಡುತ್ತಿದ್ದೇನೆ.

ಮಗಳ ಫೋನ್. ಹಳೇ ಕಾರು ಮಾರಿ ಹೊಸದು ತಂದಿದ್ದಾರಂತೆ. ಆಟೊಮ್ಯಾಟಿಕ್. "ಅಪ್ಪ, ಭಾನುವಾರ ಪುಟ್ಟೀನ ಈಜು ಕ್ಲಾಸಿಗೆ ಇದರಲ್ಲೇ ಕರ್ಕೊಂಡು ಹೋಗು. ಕ್ಲಚ್ಚೇ ಇಲ್ಲ, ಆರಾಮ!" ನನಗೆ ಕಾರು ಯಾವುದಾದರೇನು. ಮೊಮ್ಮಗಳು ಹಿಂದೆ ಕೂತು ಒಂದೇ ಸಮನೆ ವಟಗುಟ್ಟುತ್ತಾಳೆ. ನಾನು ಕನ್ನಡಿಯಲ್ಲಿ ನೋಡುತ್ತಾ "ಹೌದಾ? ಆಮೇಲೆ?" ಅನ್ನುತ್ತೇನೆ. ವಾರಕ್ಕೆ ಅದೊಂದೇ ಬೆಳಗ್ಗೆ. ಹೆಂಡತಿ ತೀರಿಕೊಂಡ ಮೇಲೆ ಈ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಮಾತ್ರ.

ಮಾರ್ಚ್ 3, ಭಾನುವಾರ

ಅದೇ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದೆ. ಬರೆದರೆ ನಿಲ್ಲಬಹುದು.

ಹೋಗುವಾಗ ಚೆನ್ನಾಗಿಯೇ ಹೋಯಿತು. ಬೆಣ್ಣೆಯಂಥ ಕಾರು. ಬರುವಾಗ... ಪುಟ್ಟಿ ಈಜು ಟೀಚರ್ ಕಾಲು ಜಾರಿ ನೀರಿಗೆ ಬಿದ್ದ ಕಥೆ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಮುಂದೆ ಸಿಗ್ನಲ್. ಎಡಗಾಲು ನನ್ನನ್ನು ಕೇಳದೆ ಎದ್ದು ಕ್ಲಚ್ ತುಳಿಯಿತು. ಕ್ಲಚ್ ಎಲ್ಲಿದೆ? ಅಲ್ಲಿದ್ದದ್ದು ಅಗಲವಾದ ಬ್ರೇಕ್. ವ್ಯಾನಿನ ಕ್ಲಚ್‌ಗೆ ಹಾಕುವ ಶಕ್ತಿಯೆಲ್ಲ ಅದರ ಮೇಲೆ ಬಿತ್ತು. ಕಾರು ಗೋಡೆಗೆ ಗುದ್ದಿದ ಹಾಗೆ ನಿಂತಿತು.

ಪುಟ್ಟಿ ಬೆಲ್ಟ್ ಹಾಕಿಕೊಂಡಿದ್ದಳು. ಆದರೆ ಕಥೆಯ ನಡುವೆ ನೀರು ಕುಡಿಯಲು ಸ್ಟೀಲ್ ಬಾಟಲಿ ಬಾಯಿಗಿಟ್ಟಿದ್ದಳು. ತುಟಿ ಒಡೆಯಿತು. ಅಲ್ಲಾಡುತ್ತಿದ್ದ ಮುಂದಿನ ಹಲ್ಲು ಕಿತ್ತು ಬಂತು. ಟವೆಲ್ ತುಂಬಾ ರಕ್ತ. ಹಿಂದಿದ್ದ ಬೈಕಿನವನು ಬಾಯಿಗೆ ಬಂದ ಹಾಗೆ ಬೈದ. ಬೈಯಲಿ.

ಮಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಳಿಯ, "ಹೋಗ್ಲಿ ಬಿಡಿ ಮಾವ, ಹಾಲುಹಲ್ಲು ತಾನೆ" ಅಂದ. ಅನ್ನುತ್ತಲೇ ಮೇಜಿನ ಮೇಲಿದ್ದ ಕೀ ತೆಗೆದು ಜೇಬಿಗೆ ಹಾಕಿಕೊಂಡ.

ಮಾರ್ಚ್ 9, ಶನಿವಾರ

"ಅಪ್ಪ, ನಾಳೆ ನೀನು ರೆಸ್ಟ್ ತಗೋ. ಇವರೇ ಕರ್ಕೊಂಡು ಹೋಗ್ತಾರೆ."

"ಒಳ್ಳೇದಾಯ್ತಮ್ಮ, ನನಗೂ ಮೊಣಕಾಲು ನೋವು" ಅಂದೆ. ಇಬ್ಬರೂ ಸುಳ್ಳು ಹೇಳಿ ಫೋನ್ ಇಟ್ಟೆವು. ಫೋನ್ ಪುಟ್ಟಿಗೆ ಕೊಡು ಅನ್ನಬೇಕೆಂದಿದ್ದೆ.

ಮಾರ್ಚ್ 17, ಭಾನುವಾರ, ಬೆಳಗ್ಗೆ

ಈ ವಾರವೂ ಕರೆಯಲಿಲ್ಲ. ನಿನ್ನೆಯೇ ಶರ್ಟ್ ಇಸ್ತ್ರಿ ಮಾಡಿಟ್ಟಿದ್ದೆ, ಅಕಸ್ಮಾತ್ ಕರೆದರೆ ಎಂದು. ಹಾಕಿಕೊಂಡು ಮನೆಯಲ್ಲೇ ಕೂತಿದ್ದೇನೆ. ಪಕ್ಕದ ಮನೆಯವರು ನೋಡಿದರೆ ಮದುವೆಗೆ ಹೊರಟ ಮುದುಕ ಅಂದುಕೊಳ್ಳಬೇಕು. ತುಂಬಾ ಬೇಜಾರು. ಪುಟ್ಟಿಯ ದನಿ ಬೇಕು ನನಗೆ, ಅಷ್ಟೇ.

ಕೂತು ಕೊರಗಿದರೆ ಕೀ ವಾಪಸ್ ಬರುವುದಿಲ್ಲ. ಆ ಕಾರು ಕಲಿತು ತೋರಿಸಬೇಕು. ಕೆಟ್ಟ ಮೇಲಾದರೂ ಬುದ್ಧಿ ಬರಲಿ.

ಮಾರ್ಚ್ 20, ಬುಧವಾರ

ವ್ಯಾನ್ ರಿಪೇರಿ ಮಾಡುವ ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ಒಂದು ಹಳೆಯ ಆಟೊಮ್ಯಾಟಿಕ್ ಮಾರಾಟಕ್ಕೆ ನಿಂತಿದೆ. ಅವನಿಗೆ ವಿಷಯ ಹೇಳಿದೆ. ನಗಲಿಲ್ಲ, ಪುಣ್ಯಾತ್ಮ.

"ಎಲ್ಲರಿಗೂ ಆಗುತ್ತೆ ಯಜಮಾನ್ರೆ. ಜೀವಮಾನವೆಲ್ಲ ದುಡಿದ ಕಾಲು, ಸುಮ್ನಿರು ಅಂದ್ರೆ ಇರುತ್ತಾ? ಮಡಚಿ ಸೀಟಿನ ಕಡೆ ಎಳ್ಕೊಳ್ಳಿ. ಎದ್ದೇಳೋಕೆ ಜಾಗಾನೇ ಕೊಡಬೇಡಿ."

ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಸುತ್ತು ಹೊಡೆದೆ. ಎಡಗಾಲಿನ ಚಪ್ಪಲಿ ಬಿಚ್ಚಿಟ್ಟೆ, ಬರಿಗಾಲಾದರೆ ನೆನಪಿರುತ್ತದೆ ಎಂದು. ಆದರೂ ನಿಲ್ಲಿಸುವಾಗೆಲ್ಲ ತೊಡೆ ಎದ್ದೇಳುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು. ಕಾಲಿಗೆ ಚೆನ್ನಾಗಿ ಬೈದೆ. ಜೋರಾಗಿಯೇ. ಯಾರೊಂದಿಗೋ ಮಾತಾಡಿದ ಹಾಗೂ ಆಯಿತು.

ಏಪ್ರಿಲ್ 2, ಮಂಗಳವಾರ

ಶೆಡ್ಡಿನ ಕಾರು ಈಗ ನನ್ನ ಮಾತು ಕೇಳುತ್ತದೆ. ಆ ಖುಷಿಯಲ್ಲೇ ಇವತ್ತು ವ್ಯಾನ್ ಓಡಿಸಿದೆ. ಹೋಟೆಲ್ ಗೇಟಿನ ಮುಂದೆ ಬ್ರೇಕ್ ಹಾಕಿದೆ — ಎಡಗಾಲು ಸೀಟಿನಡಿ ತಪಸ್ಸಿಗೆ ಕೂತಿತ್ತು. ವ್ಯಾನ್ ಕೆಮ್ಮಿ ಆಫ್ ಆಯಿತು. ಗಾಬರಿಯಲ್ಲಿ ಗೇರಿನಲ್ಲೇ ಸ್ಟಾರ್ಟ್ ಮಾಡಿದೆ. ಕಪ್ಪೆಯ ಹಾಗೆ ಒಂದು ನೆಗೆತ. ಹಿಂದೆ ಮೂಟೆಗಳೆಲ್ಲ, ಅವನ್ನು ಹತ್ತಿಸಿ ಇಳಿಸುವ ಲೋಡರ್ ಹುಡುಗನ ಮೇಲೆ.

"ಏನಣ್ಣ, ಎಲ್ ಬೋರ್ಡ್ ತರ್ಲಾ?" ಬೆಡ್‌ಶೀಟ್‌ಗಳ ಅಡಿಯಿಂದ ಕೇಳಿದ.

ಎರಡು ದೋಣಿಯ ಮೇಲೆ ಕಾಲಿಟ್ಟವರು ಎರಡು ಕಾಲಾದರೂ ಇಟ್ಟಿರುತ್ತಾರೆ. ನಾನು ಒಂದೇ ಕಾಲನ್ನು ಎರಡರಲ್ಲೂ ಇಡಲು ಹೊರಟಿದ್ದೇನೆ. ಇನ್ನು ಮೇಲೆ ಹೊರಡುವ ಮುಂಚೆ ಪೆಡಲುಗಳನ್ನು ಒಂದೊಂದಾಗಿ ಮುಟ್ಟಿ ಬಾಯಿಬಿಟ್ಟು ಹೇಳಿಕೊಳ್ಳಬೇಕು. ವ್ಯಾನಿನಲ್ಲಿ "ಮೂರು". ಕಾರಿನಲ್ಲಿ "ಎರಡು".

ಏಪ್ರಿಲ್ 11, ಗುರುವಾರ

ವ್ಯಾನ್, ಕಾರು, ಮತ್ತೆ ವ್ಯಾನ್. ಒಂದೂ ತಪ್ಪಿಲ್ಲ.

ಮಗಳಿಗೆ ಫೋನ್ ಮಾಡಿದೆ. "ಒಂದ್ಸಲ ಪಕ್ಕದಲ್ಲಿ ಕೂತು ನೋಡಮ್ಮ." ಅತ್ತ ಗಂಡನನ್ನು ಏನೋ ಕೇಳಿದಳು. ಆಮೇಲೆ, "ಸರಿ ಅಪ್ಪ, ಭಾನುವಾರ ಬಾ."

ಏಪ್ರಿಲ್ 14, ಭಾನುವಾರ

ಮೊದಲು ಮನೆಯ ಸುತ್ತಿನ ಬೀದಿಗಳು, ಆಮೇಲೆ ದೊಡ್ಡ ರಸ್ತೆ. ಎಡಗಾಲು ಮಿಸುಕಲಿಲ್ಲ. ಹೂವು ಎತ್ತಿದ ಹಾಗೆ ಓಡಿಸಿದೆ. ಸಿಗ್ನಲ್‌ನಲ್ಲಿ ನಿಲ್ಲಿಸಿ ಮಗಳ ಕಡೆ ತಿರುಗಿದೆ, ಶಹಬ್ಬಾಸ್ ಅನ್ನುತ್ತಾಳೆ ಎಂದು.

ಅವಳ ಒಂದು ಕೈ ಕಿಟಕಿಯ ಮೇಲಿನ ಹಿಡಿಯಲ್ಲಿ. ಬಲಗಾಲು ಮುಂದಕ್ಕೆ ಚಾಚಿ ನೆಲವನ್ನು ಒತ್ತಿ ಹಿಡಿದಿತ್ತು. ಅಲ್ಲಿಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿಯುತ್ತಾ ಬಂದಿದ್ದಾಳೆ. ಮುಖದಲ್ಲಿ ಮಾತ್ರ ನಗು.

"ಚೆನ್ನಾಗಿ ಓಡಿಸ್ತೀಯ ಅಪ್ಪ. ಮುಂದಿನ ವಾರದಿಂದ ಪುಟ್ಟೀನ ನೀನೇ ಕರ್ಕೊಂಡು ಹೋಗು."

ಹೇಳಿದಳು. ಕಾಲು ತೆಗೆಯಲಿಲ್ಲ. ನನ್ನ ಕಾಲಿಗೆ ಬುದ್ಧಿ ಕಲಿಸಿದೆ, ಅವಳ ಕಾಲಿಗೆ ಏನಂತ ಹೇಳಲಿ? ನಾನೂ ಪುಟ್ಟಿಯೂ ಹೋಗಿ ಬರುವವರೆಗೂ ಅವಳು ಅಡುಗೆಮನೆಯಲ್ಲಿ ಹೀಗೇ ನೆಲ ಒತ್ತಿಕೊಂಡು ನಿಂತಿರುತ್ತಾಳೆ.

ಮನೆಗೆ ಬಂದು ಕೀ ಅವಳ ಕೈಗೇ ಕೊಟ್ಟೆ. "ಬೇಡಮ್ಮ. ನೀವೇ ಓಡಿಸಿ. ನಾನು ಬಂದು ಹಿಂದೆ ಕೂತ್ಕೋತೀನಿ. ಬರಬಹುದಲ್ಲ?"

"ಏನಪ್ಪ ಹೀಗೆ ಕೇಳ್ತೀಯ" ಅಂತ ಒಳಗೆ ಹೋದಳು. ಬಂದಾಗ ಮುಖ ತೊಳೆದುಕೊಂಡಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ಓಡಿಸುವವನಾಗಿ ಅವರಿಗೆ ಬೇಕಾಗಿದ್ದೆ. ಸುಮ್ಮನೆ ಕೂರುವವನಾಗಿ ಬೇಕೋ ಇಲ್ಲವೋ, ಗೊತ್ತಿಲ್ಲ.

ಏಪ್ರಿಲ್ 21, ಭಾನುವಾರ, ಮಧ್ಯಾಹ್ನ

ಓಡಿಸಿದ್ದು ಅಳಿಯ. ಅವನ ಹಿಂದಿನ ಸೀಟಿನಲ್ಲಿ ಪುಟ್ಟಿ, ಪಕ್ಕದಲ್ಲಿ ನಾನು. ನಾನೇ ಓಡಿಸುತ್ತಿದ್ದಾಗ ಕನ್ನಡಿಯಲ್ಲಿ ಅವಳ ಹಣೆ, ಕಣ್ಣು ಅಷ್ಟೇ ಕಾಣುತ್ತಿತ್ತು. ಇವತ್ತು ಪೂರ್ತಿ ಮುಖ. ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಇಣುಕುತ್ತಿದೆ. "ಮುಟ್ಟಿ ನೋಡು ತಾತ." ಮುಟ್ಟಿದೆ. ಗರಗಸದ ಹಾಗೆ ಚೂಪು ಚೂಪು.

ಸಿಗ್ನಲ್ ಬಂತು. ಅವಳು ನನ್ನ ಕಾಲನ್ನೇ ನೋಡುತ್ತಿದ್ದಳು.

"ತಾತ, ಏನು ತುಳೀತಿದೀಯ?"

ಎಡಗಾಲು ಮ್ಯಾಟನ್ನು ಒತ್ತಿಕೊಂಡು ಕೂತಿತ್ತು. ಸಿಕ್ಕಿಬಿದ್ದೆ. "ಕ್ಲಚ್ಚು" ಅಂದೆ.

"ಈ ಕಾರಲ್ಲಿ ಕ್ಲಚ್ ಇಲ್ಲ ಅಂತ ಅಮ್ಮ ಹೇಳಿದ್ಲು."

"ಹಿಂದಿನ ಸೀಟಲ್ಲಿ ಇದೆ."

"ನಂಗೂ ಬೇಕು!"

ಅವಳ ಕಾಲು ನೆಲ ಮುಟ್ಟುವುದಿಲ್ಲ. ಎಡಪಾದವನ್ನು ಅಪ್ಪನ ಸೀಟಿನ ಬೆನ್ನಿಗೆ ಕೊಟ್ಟಳು. "ಒತ್ತು... ಈಗ ಮೊದಲನೇ ಗೇರ್. ಹಸಿರು ಬಿತ್ತು ನೋಡು, ನಿಧಾನಕ್ಕೆ ಬಿಡು, ನಿಧಾನ..." ಅಂದೆ. ಬಿಟ್ಟಳು. ಕಾರು ಹೊರಟಿತು. ತಾನೇ ಹೊರಡಿಸಿದ್ದು ಎಂದು ಕಣ್ಣರಳಿಸಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಯಾರದು, ನನ್ನ ಸೀಟು ಒದೀತಿರೋದು?" ಮುಂದಿನ ಸೀಟಿನಿಂದ ಅಳಿಯ.

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಎರಡನೇ ಗೇರ್. ಮೂರನೇ ಗೇರ್. ದಾರಿಯುದ್ದಕ್ಕೂ ಒಂದೂ ತಪ್ಪಲಿಲ್ಲ ಹುಡುಗಿ.

ನನ್ನನ್ನು ಮನೆ ಹತ್ತಿರ ಇಳಿಸುವಾಗ ಕಿವಿಯಲ್ಲಿ, "ಬರೋ ವಾರ ರಿವರ್ಸ್ ಹೇಳ್ಕೊಡ್ತೀಯಾ?" ಅಂದಳು. ಹೂಂ ಅಂದೆ. ಹೇಳಿಕೊಡುವುದೆಂದರೆ ಸರಿಯಾಗಿ ಹೇಳಿಕೊಡಬೇಕು, ಮರೆಯದ ಹಾಗೆ ಇಲ್ಲೇ ಬರೆದಿಡುತ್ತೇನೆ. ಮೊದಲು ಗಾಡಿ ಪೂರ್ತಿ ನಿಲ್ಲಬೇಕು. ಕ್ಲಚ್ ಕೊನೆಯವರೆಗೂ ಒತ್ತಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ಹಿಂದೆ ತಿರುಗಿ ನೋಡಬೇಕು.