ಕರಿಬಸವಯ್ಯನ ಹೂಂ

ತುಮಕೂರು
ಗುರುವಾರ, 6 ಸೆಪ್ಟೆಂಬರ್ 2007

ಪ್ರೀತಿಯ ಹನುಮ,

ಹೇಗಿದ್ದೀಯಾ? ಕುಣಿಗಲ್‌ನಲ್ಲಿ ಎಲ್ಲರೂ ಕ್ಷೇಮ ತಾನೇ? ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತೆ, ಫೋನಿಗೂ ಸಿಗಲಿಲ್ಲ. ತಪ್ಪಾಯಿತು. ಅಂಗಡಿ, ಕರೆಂಟು, ಹಬ್ಬದ ಕರಪತ್ರ ಎಂದು ನೂರೆಂಟು ನೆಪ ಹೇಳಬಲ್ಲೆ. ನೀನು ಒಂದನ್ನೂ ನಂಬುವುದಿಲ್ಲ, ಬಿಡು. ಇಂಟರ್‌ನೆಟ್ ಸೆಂಟರ್ ಇಟ್ಟುಕೊಂಡವನು ಪೆನ್ನು ಹಿಡಿದು ಗೀಚುತ್ತಿದ್ದಾನೆ ಎಂದು ನಗಬೇಡ. ನಿಮ್ಮ ಸೊಸೈಟಿ ಆಫೀಸಿನಲ್ಲಿ ನಿನ್ನ ಇ-ಮೇಲನ್ನು ನಿನಗಿಂತ ಮೊದಲು ಸೆಕ್ರೆಟರಿ ಓದುತ್ತಾನೆ ಎಂದು ಹೇಳಿದವನು ನೀನೇ. ಈ ವಿಷಯ ಅವನ ಕಣ್ಣಿಗೆ ಬೀಳುವುದು ಬೇಡ.

ನೇರವಾಗಿ ಹೇಳಿಬಿಡುತ್ತೇನೆ. ಬರುವ ಭಾನುವಾರ ಅರ್ಧ ದಿನದ ಮಟ್ಟಿಗೆ ನೀನು ಕರಿಬಸವಯ್ಯ ಆಗಬೇಕು.

ತಲೆ ಕೆಟ್ಟಿದೆ ಎಂದುಕೊಂಡೆಯಾ? ಕೆಟ್ಟೇ ಇದೆ. ಈ ವಾರವೆಲ್ಲ ಕೂತಲ್ಲಿ ಕೂರಲಾಗದೆ, ಗಿರಾಕಿಗಳ ಜೆರಾಕ್ಸನ್ನು ಉಲ್ಟಾ ತೆಗೆದು ಬೈಸಿಕೊಳ್ಳುತ್ತಿದ್ದೇನೆ.

ನಾನು 'ನೆರೆಮನೆ' ಎಂಬ ಕನ್ನಡ ತಾಣದಲ್ಲಿ ಹೊಸಬರನ್ನು ನೋಡಿಕೊಳ್ಳುವ ಕೆಲಸ ವಹಿಸಿಕೊಂಡಿರುವುದು ನಿನಗೆ ಗೊತ್ತು. ಯಾರಾದರೂ ಮೊದಲ ಸಲ ಬರೆದರೆ ಅದರ ಕೆಳಗೆ ಒಂದು ಮಾತಾದರೂ ಇರುವಂತೆ ನೋಡಿಕೊಳ್ಳಬೇಕು, ಅಷ್ಟೇ. ಹೇಳುವುದಕ್ಕೆ ಸುಲಭ. ನಮ್ಮಲ್ಲಿ ಹಳಬರು ಹಳಬರ ಬೆನ್ನು ತಟ್ಟುತ್ತಾ ಕೂತಿರುತ್ತಾರೆ. ಒಬ್ಬರು ತಮ್ಮ ನೆಗಡಿಯ ಬಗ್ಗೆ ನಾಲ್ಕು ಸಾಲು ಬರೆದರೂ ಕೆಳಗೆ ಜಾತ್ರೆ ಸೇರುತ್ತದೆ. ಹೊಸಬರ ಬರಹದ ಕೆಳಗೆ ನೊಣವೂ ಕೂರುವುದಿಲ್ಲ. ನಾನು ಒಬ್ಬೊಬ್ಬರಿಗೂ ಮೇಲ್ ಹಾಕಿ, ದಮ್ಮಯ್ಯ ಓದಿ ಎಂದು ಅಂಗಲಾಚುತ್ತೇನೆ. ಝೋಯಾ ಮೊನ್ನೆ ಅನ್ನಕ್ಕೆ ಸಾರು ಬಡಿಸುತ್ತಾ, "ಊರಿಗೆಲ್ಲ ಶಾಭಾಷ್ ಹೇಳ್ತೀರಿ, ಈ ಮನೆ ಸಾಲನ್‌ಗೆ ಯಾವತ್ತು ಕಾಮೆಂಟ್ ಬರುತ್ತೆ?" ಎಂದಳು. ಹೆಂಡತಿಯಿಂದಲೂ ಮಂಗಳಾರತಿ.

ಮೇ ತಿಂಗಳಲ್ಲಿ ಪಿಯುಸಿ ರಿಸಲ್ಟಿನ ದಿನ ಅಂಗಡಿ ತುಂಬ ಜನ. ರಿಸಲ್ಟಿನ ಪೇಜು ತೆರೆಯಲೇ ಒಲ್ಲದು. ಊರ್ಡಿಗೆರೆ ಕಡೆಯ ಪುಟ್ಟಗಂಗಮ್ಮ ಎನ್ನುವವರು ತಂಗಿಯ ಮಗಳ ನಂಬರು ಹಿಡಿದು ಕೂತಿದ್ದರು. ಅಳುಮುಖ ಮಾಡಿಕೊಂಡ ಹುಡುಗಿಯರಿಗೆ ಆಕೆ ಸುಮ್ಮನೆ ಒಂದು ಕಥೆ ತೆಗೆದರು. ಆಕೆಗೂ ಆಕೆಯ ಅತ್ತೆಗೂ ಸೇರಿ ಒಂದೇ ಜೊತೆ ಮೆಟ್ಟು ಇದ್ದವಂತೆ. ಸಂತೆಗೆ ಯಾರು ಹೋಗುತ್ತಾರೋ ಅವರ ಕಾಲಿಗೆ. ಒಂದು ದಿನ ಜಗಳ ಬಿದ್ದು, ಪಾಲು ಮಾಡಿಕೊಂಡು, ಒಬ್ಬೊಬ್ಬರು ಒಂದೊಂದು ಮೆಟ್ಟು ಎತ್ತಿಟ್ಟುಕೊಂಡರಂತೆ! ಅಂಗಡಿಗೆ ಅಂಗಡಿಯೇ ನಕ್ಕಿತು. ನಾನು ಆಗಲೇ ಟೈಪ್ ಮಾಡಿ, ಆಕೆಯ ಒಪ್ಪಿಗೆ ಕೇಳಿ, ಆಕೆಯ ಹೆಸರಿನಲ್ಲೇ ನೆರೆಮನೆಗೆ ಹಾಕಿದೆ.

ಮುಂದಿನ ವಾರ ಬಂದು ಕೇಳಿದರು, "ಏನಂದ್ರು ಸಾಬ್ರೆ ಜನ?"

ಒಬ್ಬ ಮಹಾನುಭಾವ "ಇದು ಹಳ್ಳಿ ಹರಟೆ, ಸಾಹಿತ್ಯವಲ್ಲ" ಎಂದು ಬರೆದಿದ್ದ. ಬೇರೆ ಯಾರೂ ಇಲ್ಲ. ನಾನು ಅದನ್ನು ಓದಿ ಹೇಳದೆ ಕೀಬೋರ್ಡಿನ ಧೂಳು ಒರೆಸತೊಡಗಿದೆ. ಆಕೆಯೇ ಹೇಳಿದರು, "ನಮ್ ಕಡೆ ಕತೆ ಹೇಳೋವಾಗ ಕೇಳೋರು ಹೂಂ, ಹೂಂ ಅಂತಿರ್ಬೇಕು ಸಾಬ್ರೆ. ಹೂಂ ಅನ್ನೋರಿಲ್ದಿದ್ರೆ ಕತೆ ಅಲ್ಲಿಗೇ ನಿಂತೋಯ್ತದೆ. ನಾನೂ ನಿಲ್ಲುಸ್ಬುಡ್ತೀನಿ ಬುಡಿ."

ಆ ಮುಖ ನೋಡಿ ತಡೆಯಲಾಗಲಿಲ್ಲ. ಪಕ್ಕದ ಕಂಪ್ಯೂಟರಿಗೆ ಹೋಗಿ 'ಕರಿಬಸವಯ್ಯ, ಕುಣಿಗಲ್' ಎಂದು ಒಂದು ಖಾತೆ ತೆರೆದೆ. ಆ ಹೆಸರೇ ಯಾಕೆ ಎಂದು ಕೇಳಬೇಡ, ಬೆರಳಿಗೆ ಬಂತು. "ಅಮ್ಮಾ, ಆ ಜಗಳದ ಮಾರನೆಯ ಸಂತೆಗೆ ಒಂಟಿ ಮೆಟ್ಟು ಹಾಕಿಕೊಂಡು ಹೋದವರು ಯಾರು? ನೀವೋ ಅತ್ತೆಯೋ? ಹೇಳದೆ ಬಿಟ್ಟಿರಿ" ಎಂದು ಬರೆದು, ವಾಪಸು ಬಂದು ಓದಿ ಹೇಳಿದೆ. ಆಕೆ ಕೈ ತಟ್ಟಿದರು. "ಇವ್ನು ಕೇಳಿಸ್ಕಂಡವ್ನೆ ನೋಡಿ! ಸುಮ್ಕೆ ಚೆಂದಾಗದೆ ಅನ್ನೋರು ಕೇಳಿಸ್ಕಂಡಿರಕ್ಕಿಲ್ಲ."

ಆಮೇಲೆ ನಿಲ್ಲಲೇ ಇಲ್ಲ ಹನುಮ. ಪ್ರತಿ ವಾರ ಕಥೆ, ಪ್ರತಿ ಕಥೆಗೂ ಕರಿಬಸವಯ್ಯ. ಈಗೀಗ ನಿಜವಾದ ಓದುಗರೂ ಅಲ್ಲೊಬ್ಬರು ಇಲ್ಲೊಬ್ಬರು ಬರುತ್ತಿದ್ದಾರೆ. ಆದರೆ ಪುಟ್ಟಗಂಗಮ್ಮ ಕೇಳುವುದು ಅವನೊಬ್ಬನನ್ನೇ. "ಕರಿಬಸವಯ್ಯ ಏನಂದ?"

ಈಗ ಬಂತು ನೋಡು ಗ್ರಹಚಾರ. ಅವರ ಮನೆಯಲ್ಲಿ ಒಂದು ಪದ್ಧತಿಯಂತೆ: ಹೂಂ ಎಂದವರ ಬಾಯಿಗೆ ಕಥೆ ಹೇಳಿದವರು ತಮ್ಮ ಕೈಯಾರೆ ಸಿಹಿ ಹಾಕಬೇಕು. ಭಾನುವಾರ ಆಕೆ ಹುಲಿಯೂರುದುರ್ಗದಲ್ಲಿರುವ ನೆಂಟರ ಮನೆಗೆ ಹೊರಟಿದ್ದಾರೆ. ದಾರಿಯಲ್ಲೇ ಕುಣಿಗಲ್. ಇಳಿದು ಕರಿಬಸವಯ್ಯನ ಮನೆಗೆ ಹೋಗಿ ತಂಬಿಟ್ಟು ಕೊಟ್ಟೇ ಮುಂದಕ್ಕೆ ಹೋಗುತ್ತಾರಂತೆ. ಅಂಥವನೇ ಇಲ್ಲ ಎಂದು ಗೊತ್ತಾದರೆ ಆಕೆ ಇನ್ನು ಬಾಯಿ ತೆರೆಯುವುದಿಲ್ಲ, ಎಲ್ಲ ಕಥೆಯೂ ಅಲ್ಲಿಗೆ ಮುಗಿಯಿತು. ನೀನು ಬಸ್ ಸ್ಟ್ಯಾಂಡಿಗೆ ಬಂದು, "ನಾನೇ ಕರಿಬಸವಯ್ಯ" ಎಂದು ತಂಬಿಟ್ಟು ತಿಂದು, ಮೆಟ್ಟಿನ ಕಥೆ ಬಹಳ ಚೆನ್ನಾಗಿತ್ತು ಎಂದರೆ ಸಾಕು. ಕಾಲೇಜು ನಾಟಕದಲ್ಲಿ ಮಂತ್ರಿ ಆಗಿದ್ದೆಯಲ್ಲ, ಇದೇನು ಮಹಾ.

ಕರೆಂಟು ಹೋಯಿತು. ಯುಪಿಎಸ್ ಕಿರುಚುತ್ತಿದೆ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಭಾನುವಾರ, 9 ಸೆಪ್ಟೆಂಬರ್

ಮೇಲಿನದನ್ನು ಪೋಸ್ಟ್ ಮಾಡಲಿಲ್ಲ. ಗುರುವಾರವೂ ಮಾಡಲಿಲ್ಲ, ಶುಕ್ರವಾರ ಅಂಚೆ ಡಬ್ಬದ ತನಕ ಹೋಗಿ ಜೇಬಿನಲ್ಲಿಟ್ಟುಕೊಂಡು ವಾಪಸು ಬಂದೆ. ಯಾಕೆಂದು ಆಗ ಗೊತ್ತಾಗಲಿಲ್ಲ. ಇನ್ನು ನೀನು ಕರಿಬಸವಯ್ಯ ಆಗಬೇಕಾಗಿಲ್ಲ.

ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವ ಹೊತ್ತಿಗೇ ಪುಟ್ಟಗಂಗಮ್ಮ ಹಾಜರು. ಹೊಸ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. "ಅವ್ನ ಮನೆ ಯಾವ್ ಬೀದೀಲದೆ ಸಾಬ್ರೆ, ಒಂದ್ ಚೀಟೀಲಿ ಬರ್ಕೊಡಿ" ಎಂದರು. ನಾನು ಪೆನ್ನು ಹುಡುಕುವ ನಾಟಕ ಮಾಡಿದೆ. ಆಕೆ ಸ್ಟೂಲಿನ ಮೇಲೆ ಕೂತು, ದನಿ ತಗ್ಗಿಸಿ ಹೇಳಿದರು, "ನಮ್ಮತ್ತೆ ಸಾಯೋವಾಗ ನನ್ ಕೈ ಹಿಡ್ಕಂಡು ಒಂದ್ ಮಾತ್ ಅಂದ್ಲು. ನಮ್ ಯಜಮಾನ್ರಿಗೂ ಹೇಳಿಲ್ಲ ನಾನು. ಅದ್ನ ಅವ್ನಿಗೆ ಹೇಳ್ತೀನಿ. ಅವ್ನು ಸರ್ಯಾಗಿ ಕೇಳಿಸ್ಕಂತಾನೆ."

ತಂಬಿಟ್ಟನ್ನು ನೀನು ತಿನ್ನಬಹುದಿತ್ತು. ಆ ಮಾತನ್ನು ವೇಷ ಹಾಕಿಕೊಂಡವನ ಕಿವಿಗೆ ಹಾಕಿಸುವುದು ಹೇಗೆ? ಕರಿಬಸವಯ್ಯ ಎನ್ನುವವನು ಇಲ್ಲ, ಬರೆದದ್ದೆಲ್ಲ ನಾನೇ ಎಂದು ಹೇಳಿಬಿಟ್ಟೆ.

ಆಕೆ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಒತ್ತಿ ಮುಚ್ಚಿದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ, "ಅಂಗಾರೆ ಎಲ್ಲಾನೂ ಕೇಳಿಸ್ಕಂಡಿದ್ದು ನೀನೇನಾ?" ಎಂದರು. ಅಷ್ಟು ದಿನ 'ನೀವು' ಎನ್ನುತ್ತಿದ್ದವರು ಆಗ 'ನೀನು' ಎಂದರು. ಹೂಂ ಎಂದೆ.

"ಒಬ್ರು ಹೂಂ ಅಂದ್ರೂ ಸಾಕು ಕಣಪ್ಪಾ, ಕತೆಗೆ ಊರೆಲ್ಲ ಯಾಕೆ? ಆದ್ರೆ ಬೇರೇರ್ ಬಾಯಲ್ಲಿ ಯಾಕ್ ಹೂಂ ಅಂದೆ? ನಿನ್ ಹೆಸ್ರಿಗೇನಾಗಿತ್ತು?"

ನಾನು ಪ್ರಿಂಟರ್ ಕಡೆ ತಿರುಗಿ ಪೇಪರ್ ಸಿಕ್ಕಿಕೊಂಡಿದೆ ಎಂದೆ. ಅದು ಆನ್ ಕೂಡ ಆಗಿರಲಿಲ್ಲ.

ಆಕೆ ಡಬ್ಬಿ ಎತ್ತಿಕೊಂಡರು. "ಇದು ಅವ್ನಿಗೆ ಅಂತ ಕಟ್ಟಿದ್ದು, ನಿಂಗೆ ಕೊಡಕ್ಕಿಲ್ಲ. ನಿನ್ ಹೆಸ್ರಲ್ಲಿ ಹೂಂ ಅಂದ್ ದಿನ ಬೇರೆ ಕಟ್ಕಂಡು ಬರ್ತೀನಿ, ಅತ್ತೆ ಮಾತೂ ಅವತ್ತೇ ಹೇಳ್ತೀನಿ" ಎಂದು ಬಸ್ಸಿಗೆ ಹೊರಟುಹೋದರು.

ಆಗಿನಿಂದ ಮೆಟ್ಟಿನ ಕಥೆಯ ಕೆಳಗೆ ನನ್ನ ಹೆಸರು ಟೈಪ್ ಮಾಡುವುದು, ಅಳಿಸುವುದು, ಎದ್ದು ಟೀ ಕುಡಿದು ಬರುವುದು, ಇದೇ ಆಗಿದೆ. ದಿನಕ್ಕೆ ಹತ್ತು ಜನರಿಗೆ "ಹೆದರಬೇಡಿ, ಬರೆಯಿರಿ" ಎನ್ನುವವನು ನಾನು! ನನ್ನ ಹೆಸರು ಕಂಡ ತಕ್ಷಣ ಆಕೆಯ ಕಥೆ ಬಿಟ್ಟು ಎಲ್ಲರೂ ನನ್ನ ಕಡೆ ತಿರುಗಿಬಿಡುತ್ತಾರೆ ಎಂದು ಭಯ. ನಿನಗೆ ಇದು ಅರ್ಥವಾಗದೆ ಇರಬಹುದು.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ. ಮಗಳು ಇಂಪನಾಗೆ ನನ್ನ ದುವಾ ಹೇಳು. ನೂರು ಕಾಲ ನಗುನಗುತ್ತಾ ಇರಲಿ, ಅಪ್ಪನ ಮರೆಗುಳಿತನ ಮಾತ್ರ ಬಾರದಿರಲಿ. ನೀನೂ ಆರೋಗ್ಯ ನೋಡಿಕೋ.

ನಿನ್ನ
ತೌಹೀದ್

ತಾ.ಕ.: ಪುಟ್ಟಗಂಗಮ್ಮನಿಗೆ ಕೊಡದ ಉತ್ತರವನ್ನು ನಿನಗೆ ಕೊಡುತ್ತೇನೆ. ಯುಗಾದಿ ಹೊತ್ತಿಗೆ ನೆರೆಮನೆಗೆ ನನ್ನ ಸ್ವಂತ ಹೆಸರಿನಲ್ಲಿ ಒಂದು ಕಥೆ ಹಾಕಿದ್ದೆ. ನೀನೂ ಓದಿದೆ. "ಮುಸ್ಲಿಮರಾಗಿಯೂ ಎಂಥ ಸ್ವಚ್ಛ ಕನ್ನಡ!", "ನಿಮ್ಮಂಥವರು ಇನ್ನೂ ಬರಬೇಕು ಸಾರ್" ಎಂದು ಕಾಮೆಂಟುಗಳು ಬಂದವು. ಒಳ್ಳೆಯ ಮನಸ್ಸಿನಿಂದಲೇ ಬರೆದರು, ನಾನೂ ಧನ್ಯವಾದ ಹೇಳಿದೆ. ಕಥೆಯಲ್ಲಿ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ನಿನ್ನದು ಬಂತು: "ನಿಮ್ಮವರಲ್ಲಿ ಇಷ್ಟು ಚೆಂದದ ಕನ್ನಡ ಬರೆಯುವವರು ಅಪರೂಪ ಕಣೋ ತೌಹೀದ್, ಹೆಮ್ಮೆಯಾಗುತ್ತೆ." ಅವತ್ತಿನಿಂದ ನಿನಗೆ ಕಾಗದ ಬರೆಯಲು ಕೈ ಬರಲಿಲ್ಲ. ಹನುಮ, ಅದು ಭಾನುವಾರ ಊಟಕ್ಕೆ ಬರುವ ಮಗನ ಗೆಳೆಯನಿಗೆಂದು ಸಾರಿನ ತಳದ ಕಾಳನ್ನು ಬೇರೆ ಬಟ್ಟಲಿನಲ್ಲಿ ಎತ್ತಿಡುತ್ತಿದ್ದ ಒಬ್ಬ ತಾಯಿಯ ಕಥೆ. ಆ ತಾಯಿಯನ್ನು ಮಣ್ಣು ಮಾಡುವ ದಿನ ಎಲ್ಲರೆದುರು ಅಳಲು ಸಂಕೋಚವಾಗಿ ಆ ಗೆಳೆಯ ಹಿತ್ತಿಲಲ್ಲಿ ನಿಂತಿರುತ್ತಾನೆ. ಹೆಸರು, ಊರು ಬದಲಿಸಿದ್ದೆ. ಅವರು ಗುಬ್ಬಿಯ ನರಸಿಂಹಮ್ಮ ಕಣೋ. ನಿನ್ನ ಅಮ್ಮ. ಅಮ್ಮನ ಗುರುತು ನಿನಗೆ ಸಿಗಲಿಲ್ಲ, ನನ್ನ ಕನ್ನಡ ಹೊಗಳಿ ಹೋದೆ.